ಸುಬ್ಬಿಯನ್ನು ಹೂತ ಜಾಗ

ಕಲ್ಗುಂಡಿ ಮಸಣವನ್ನು ಸಮ ಮಾಡುತ್ತಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಶಿರಸಿಯ ತರಕಾರಿ ಅಂಗಡಿಯೊಂದರಲ್ಲಿ. ಬೀನ್ಸ್ ಆರಿಸುತ್ತಿದ್ದ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ದಿಬ್ಬ ಕಡಿದು, ಕಂಟಿ ಕಿತ್ತು, ನೆಲಕ್ಕೆ ಸಿಮೆಂಟಿನ ಕಲ್ಲು ಹಾಸಿ, ಮೇಲೆ ತಗಡು ಹೊದಿಸಿ ಮುಕ್ತಿಧಾಮ ಮಾಡುತ್ತಾರಂತೆ. ಕೂರಲು ಬೆಂಚು, ಗಾಡಿ ನಿಲ್ಲಿಸಲು ಜಾಗ.

"ಒಳ್ಳೇದೇ ಆಯ್ತು. ಮಳೆಗಾಲದಲ್ಲಿ ಅಲ್ಲಿ ಹೋಗಿ ನಿಲ್ಲೂದು ಅಂದ್ರೆ ಬದುಕಿದ್ದೋರಿಗೆ ಶಿಕ್ಷೆ" ಎಂದಳು ಒಬ್ಬಳು.

ನಾನು ಆರಿಸಿದ್ದ ಟೊಮೆಟೊಗಳನ್ನು ಬುಟ್ಟಿಗೆ ವಾಪಸು ಹಾಕಿ ಹೊರಗೆ ಬಂದೆ.

ಆ ಮಸಣದಲ್ಲಿ ನನ್ನ ಮಗಳಿದ್ದಾಳೆ. ಎಲ್ಲಿ ಎಂದು ನನಗೆ ಗೊತ್ತಿಲ್ಲ.

ಹಲ್ಲು ಮೂಡದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗುರುತು ಇಡುವುದಿಲ್ಲ. ಹೂತು ಬಂದವರು ತಾಯಿಗೆ ಜಾಗ ಹೇಳುವುದಿಲ್ಲ, ತಾಯಿ ಕೇಳುವುದಿಲ್ಲ. ತಾಯಿ ಹೋಗಿ ಕೂತರೆ ಮಗುವಿಗೆ ಬಿಟ್ಟು ಹೋಗಲು ಆಗುವುದಿಲ್ಲ, ಹಿಂದಿನಿಂದ ಬರುವ ಮಗುವೂ ನಿಲ್ಲುವುದಿಲ್ಲ ಎನ್ನುತ್ತಾರೆ. ಮೂರು ವರ್ಷದ ಹಿಂದೆ ನಾನು ಆಸ್ಪತ್ರೆಯ ಮಂಚದ ಮೇಲಿದ್ದಾಗ ನನ್ನ ಗಂಡ ಸುಮಂತ ಅವಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾಗಿಲು ದಾಟಿದ. ಅವಳಿಗಿನ್ನೂ ಹೆಸರಿಟ್ಟಿರಲಿಲ್ಲ. ಊರಿನ ಮನೆಯಲ್ಲಿ ಮೈದುನನ ಮದುವೆ ಹತ್ತಿರ ಬಂದಿತ್ತು. ಅತ್ತೆ ದೇವಕಮ್ಮ ಫೋನಿನಲ್ಲಿ, "ಊರಿಗೆ ತಕಂಡು ಬರಡಿ, ಚಪ್ಪರ ಹಾಕಿ ಆಯ್ದು" ಎಂದು ತಡೆದಿದ್ದರು. ಹಾಗಾಗಿ ನಮ್ಮ ತೋಟದ ಅಂಚಿಗೆ ಹೋಗಬೇಕಿದ್ದವಳು ಬಾಡಿಗೆ ಮನೆಯಿದ್ದ ಪೇಟೆಯ ಮಸಣಕ್ಕೆ ಹೋದಳು.

ಕಾಲೇಜಿಗೆ ಹೋಗುವ ಬಸ್ಸು ಕಲ್ಗುಂಡಿಯ ಬದಿಯಲ್ಲೇ ಹಾಯುತ್ತದೆ. ಮೂರು ವರ್ಷ ಆ ಕಡೆಯ ಕಿಟಕಿಯಲ್ಲಿ ಕೂತು ಇಡೀ ದಿಬ್ಬವನ್ನು ನೋಡುತ್ತ ಬಂದಿದ್ದೆ. ಎಲ್ಲಿ ಎಂದು ತಿಳಿಯದಿದ್ದರೆ ಏನಾಯಿತು, ಅಷ್ಟೂ ಅವಳದೇ ಎಂದುಕೊಂಡಿದ್ದೆ. ದಿಬ್ಬವೇ ಹೋಗುತ್ತದೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ.

ಮಸಣದ ಅಭಿವೃದ್ಧಿ ಸಮಿತಿಗೆ ಸುಭಾಷ್ ಎಂಬವರು ಅಧ್ಯಕ್ಷರು. ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಪೆನ್ನು ಕೊಳ್ಳುವವಳಂತೆ ಹೋಗಿ, ಅಲ್ಲಿ ಹೂತವರ ಗತಿಯೇನು ಎಂದು ಕೇಳಿದೆ.

"ಹಳೇದೆಲ್ಲ ಮಣ್ಣಾಗಿ ಹೋಗಿರ್ತದೆ ಮೇಡಂ. ನಮ್ಮನೇದೂ ಒಂದು ಅಲ್ಲೇ ಇದೆ, ನನ್ನ ಅಣ್ಣ. ಹಾಲು ಕುಡಿಯೋ ಕೂಸು. ಯಾರ ಮನೇದು ಇಲ್ಲ ಹೇಳಿ? ನೀವು ಯಾರಿಗೋಸ್ಕರ ಕೇಳ್ತಿರೋದು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದು ಸುಬ್ಬಿಯ ಹೆಸರು.

ನಾನು ಇತಿಹಾಸ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರದ ಕಡೆಯ ರೈತರ ಮನೆಗಳನ್ನು ಜಪ್ತಿ ಮಾಡಲು ಬಂದಾಗ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಲಗಿ, ಎತ್ತು ಹೊಡೆದುಕೊಂಡು ಹೋಗುವುದಾದರೆ ನನ್ನ ಮೈಮೇಲೆ ದಾಟಿಸಿ ಎಂದವಳು ಸುಬ್ಬಿ. ಅವಳನ್ನು ಹಿಡಿದು ಶಿರಸಿಗೆ ತಂದರು, ಬಂಧನದಲ್ಲೇ ಸತ್ತಳು, ವಾರಸುದಾರರು ಬರುವ ಮೊದಲೇ ಕಲ್ಗುಂಡಿಯಲ್ಲಿ ಹೂತರು ಎಂದು ಹಳಬರು ಹೇಳುತ್ತಾರೆ. ಅದನ್ನೇ ಹೇಳಿದೆ.

ಸುಭಾಷ್ ಕೈಯಲ್ಲಿದ್ದ ಚಿಲ್ಲರೆಯನ್ನು ಮೇಜಿನ ಮೇಲಿಟ್ಟರು. "ಹೋರಾಟಗಾರ್ತಿ ಸಮಾಧಿಯಾ? ಹಾಗಿದ್ರೆ ಅದನ್ನ ಮುಟ್ಟೋಕೆ ನಮ್ಮಪ್ಪನ ಕೈಲೂ ಆಗೋದಿಲ್ಲ ಮಾರಾಯ್ರೆ. ಆದ್ರೆ ಹಳಬರು ಹೇಳಿದ್ರು ಅಂದ್ರೆ ಸಾಲದು, ದಾಖಲೆ ತನ್ನಿ. ಜೆಸಿಬಿ ಬಾಡಿಗೆಗೆ ಹೇಳಾಗಿದೆ, ಬೇಗ ತನ್ನಿ."

ಮರುದಿನವೇ ಸಿದ್ದಾಪುರದ ಬಸ್ಸು ಹತ್ತಿದೆ. ಸುಬ್ಬಿಯ ಊರಿನ ಹಳೆಯ ಜನನ ಮರಣದ ಪುಸ್ತಕಗಳು ಅಲ್ಲಿಯ ತಾಲೂಕು ಕಚೇರಿಯಲ್ಲಿದ್ದವು. ದಾಖಲೆ ಕೋಣೆಯಲ್ಲಿ ಕಾವ್ಯಶ್ರೀ ಎಂಬ ಹುಡುಗಿ ನನ್ನ ಕಾಲೇಜಿನ ಪತ್ರವನ್ನು ಎರಡೆರಡು ಸಲ ಓದಿದಳು.

"ಸತ್ತೋರನ್ನ ಕೇಳ್ಕಂಡು ಬರೋರು ದಿನಾ ಇರ್ತಾರೆ ಮೇಡಂ. ಆದ್ರೆ ಅವ್ರೆಲ್ಲ ಕೇಳೂದು ಸತ್ತೋರು ಬಿಟ್ಟೋದ ಜಾಗ. ಹೂತ ಜಾಗ ಕೇಳಿದೋರು ನೀವೇ ಮೊದ್ಲು."

"ಸಿಗಬಹುದಾ?"

"ಮಾಸ್ಕ್ ಹಾಕ್ಕಳಿ. ಈ ಧೂಳು ನಮ್ಮಜ್ಜನ ಕಾಲದ್ದು, ಇನ್ನೂ ಯಾರನ್ನೂ ಬಿಟ್ಟಿಲ್ಲ."

ಪುಟಗಳು ಹಪ್ಪಳದಂತೆ ಒಡೆಯುತ್ತಿದ್ದವು. ಅರ್ಧ ಕನ್ನಡ, ಅರ್ಧ ಮರಾಠಿ. ಆ ವರ್ಷ ಸತ್ತವರಲ್ಲಿ ಮಕ್ಕಳೇ ಹೆಚ್ಚು. ಹೆಸರಿನ ಜಾಗದಲ್ಲಿ ಇಂಥವರ ಗಂಡು, ಇಂಥವರ ಹೆಣ್ಣು ಎಂದಷ್ಟೇ ಬರೆದಿತ್ತು. ನಾನು ಹುಡುಕುತ್ತಿರುವುದು ಅದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಆ ಸಾಲುಗಳ ಮೇಲೂ ಬೆರಳಿಟ್ಟು ಹೋದೆ. ಅಷ್ಟರಲ್ಲಿ ಕಾವ್ಯಶ್ರೀಯೇ ಕೂಗಿದಳು.

"ಇಲ್ನೋಡಿ, ನಿಮ್ ಸುಬ್ಬಿ! ಆದ್ರೆ ಮೇಡಂ, ಶಿರಸಿ ಅಂದಿದ್ರಲ್ಲ ನೀವು? ಇಲ್ಲಿ ಯಲ್ಲಾಪುರ ಅಂತ ಬರ್ದಿದ್ದಾರೆ."

ಊರ ಹೊರಗೆ ಮರಣ, ಯಲ್ಲಾಪುರ ಮುಕ್ಕಾಂ. ಅಷ್ಟೇ ಇತ್ತು.

ತಪ್ಪಿರಬಹುದು, ಅಲ್ಲಿ ಸತ್ತರೂ ಶಿರಸಿಗೆ ತಂದು ಹೂತಿರಬಹುದು ಎಂದು ದಾರಿಯುದ್ದಕ್ಕೂ ವಾದ ಮಾಡಿಕೊಂಡೆ. ಇತಿಹಾಸ ಓದಿದವಳು ಹೀಗೆ ವಾದ ಮಾಡಬಾರದು. ದಾಖಲೆ ಏನು ಹೇಳುತ್ತದೆ ಎಂದು ನೋಡಬೇಕೇ ಹೊರತು, ಏನು ಹೇಳಲಿ ಎಂದು ಬೇಡಿಕೊಳ್ಳುತ್ತ ಹೋಗಬಾರದು. ನಾನು ಬೇಡಿಕೊಳ್ಳುತ್ತಲೇ ಯಲ್ಲಾಪುರದಲ್ಲಿ ಇಳಿದೆ.

ಅಲ್ಲಿಯ ಹಳೆಯ ಮಸಣದ ಪುಸ್ತಕದಲ್ಲಿ ಅವಳಿಗೆ ಎರಡು ಸಾಲು ಸಿಕ್ಕಿತ್ತು. ಬೆಳಗಾವಿಯ ಜೈಲಿಗೆ ಒಯ್ಯುತ್ತಿದ್ದ ಕೈದಿ ಹೆಂಗಸು, ಸಿದ್ದಾಪುರ ತಾಲೂಕು, ಸುಬ್ಬಿ. ಸಿಡುಬಿನಿಂದ ಊರ ಹೊರಗಿನ ಗುಡಿಸಲಿನಲ್ಲಿ ಮರಣ. ಕೆರೆಯಾಚೆಯ ನೆಲದಲ್ಲಿ ಹೂತದ್ದು. ಸಿಡುಬಿನ ಹೆಣವನ್ನು ಆಗ ಊರಿನ ಗಡಿ ದಾಟಿಸುತ್ತಿರಲಿಲ್ಲ. ಪಾಠ ಮಾಡುವಾಗ ನಾನೇ ಎಷ್ಟೋ ಸಲ ಹೇಳಿದ ಮಾತು. ಅವಳು ಶಿರಸಿಗೆ ಮರಳಿ ಬಂದಿರುವ ಸಾಧ್ಯತೆಯೇ ಇರಲಿಲ್ಲ.

ಕೆರೆಯಾಚೆಗೆ ನಡೆದು ಹೋದೆ. ಅಕೇಶಿಯಾ ನೆಡುತೋಪು. ಒಣಗಿದ ಎಲೆಗಳ ಮೇಲೆ ದನಗಳು ಮಲಗಿದ್ದವು. ಒಂದು ಕಲ್ಲೂ ಇಲ್ಲ. ಅವಳ ಬಗ್ಗೆ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಇಲ್ಲಿಗೆ ಬಂದು ಯಾಕೆ ಸತ್ತೆ ಎಂದು ಸಿಟ್ಟು ಬಂತು.

ಬಸ್ ನಿಲ್ದಾಣದಲ್ಲಿ ಜೆರಾಕ್ಸ್ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕುತ್ತಿದ್ದಾಗ ಸುಭಾಷರ ಫೋನು ಬಂತು.

"ಎಂತ ಮೇಡಂ, ಸಿಕ್ತಾ?"

ಎದುರಿನ ಬೆಂಚಿನ ಮೇಲೆ ಒಬ್ಬಳು ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

"ಸಿಕ್ಕಿದೆ" ಎಂದೆ.

"ಅಬ್ಬಾ! ಕಲ್ಗುಂಡಿಯಲ್ಲೇ ಅಲ್ವಾ?"

"ಹೌದು."

"ಹಂಗಾದ್ರೆ ಆಯ್ತು. ದಾಸನಕೊಪ್ಪದಲ್ಲಿ ಅವಳ ಮೊಮ್ಮಗ ಇದ್ದಾರಂತೆ, ಹೇಳಿ ಕಳಿಸ್ತೇನೆ. ಪೇಪರಿನೋರಿಗೂ ಹೇಳ್ತೇನೆ. ನೀವು ಬಂದು ಜಾಗ ತೋರಿಸಿಬಿಡಿ. ಸುತ್ತ ಒಂದು ಕಟ್ಟೆ, ಒಂದು ಕಂಬಿ ಹಾಕಿ, ಉಳಿದದ್ದು ಸಮ ಮಾಡ್ತೇವೆ."

"ಉಳಿದದ್ದು?"

"ಇಡೀ ಗುಡ್ಡ ಅವಳಿಗೊಬ್ಬಳಿಗೇ ಎಂತಕ್ಕೆ ಮೇಡಂ? ಮಲಗೋಕೆ ಬೇಕಾದಷ್ಟು ಬಿಡ್ತೇವೆ."

ಅವರು ಫೋನು ಇಟ್ಟ ಮೇಲೂ ನಾನು ನನ್ನದನ್ನು ಕಿವಿಗೇ ಹಿಡಿದುಕೊಂಡಿದ್ದೆ. ಸುಳ್ಳು ಹೇಳಿ ದಿಬ್ಬವನ್ನು ಉಳಿಸಿಕೊಂಡೆ ಎಂದುಕೊಂಡವಳಿಗೆ ಸಿಕ್ಕಿದ್ದು ಒಬ್ಬರು ಮಲಗುವಷ್ಟು ನೆಲ. ಆದರೆ ಯಾವ ನೆಲ ಎಂದು ತೋರಿಸುವವಳು ನಾನೇ. ನನ್ನ ಮಗಳಿರುವಲ್ಲಿ ಬೆರಳು ತೋರಿಸಿದರೆ ಅವಳ ಸುತ್ತ ಕಟ್ಟೆ ಏಳುತ್ತದೆ, ಕಂಬಿ ಬರುತ್ತದೆ. ಮೇಲೆ ಬೇರೆಯವಳ ಹೆಸರಿದ್ದರೆ ಇರಲಿ. ಅವಳಿಗೆ ಅವಳದೇ ಹೆಸರು ಎಲ್ಲಿದೆ? ಬೇಕಾದದ್ದು ಜಾಗ ಒಂದೇ. ಅದು ಸುಮಂತನಿಗೆ ಗೊತ್ತು.

ಮನೆಗೆ ಹೋದಾಗ ಅವನು ಚಹಾ ಸೋಸುತ್ತಿದ್ದ. ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಕೂಸಿನ ಎಲ್ಲಿ ಇಟ್ಟಿಕ್ಕಿ ಬಂದೆ?"

ಚಹಾ ಲೋಟದಿಂದ ಹೊರಗೆ ಚೆಲ್ಲಿತು. ಅವನು ಒರೆಸಲಿಲ್ಲ.

"ನಮಿತಾ, ಅದೆಲ್ಲ ಕೇಳ್ಲಾಗ."

"ಮೂರು ವರ್ಷ ಕೇಳಿದ್ನಿಲ್ಲೆ. ಈಗ ಕೇಳ್ತೆ."

"ಆಯಿಗೆ ಗೊತ್ತಾದ್ರೆ..."

"ನಿನ್ನ ಆಯಿ ಚಪ್ಪರಕ್ಕೆ ಹೆದರಿ ಕೂಸಿನ ಊರಿಗೆ ಬಪ್ಪಲೆ ಬಿಟ್ಟಿದ್ದಿಲ್ಲೆ. ಅವರ ಹೆಸರು ತೆಗೆಯಡ."

ಅತ್ತೆಯ ಬಗ್ಗೆ ಅಂಥ ಮಾತನ್ನು ನಾನು ಎಂದೂ ಆಡಿದವಳಲ್ಲ. ಅವನು ಸ್ಟೂಲಿನ ಮೇಲೆ ಕೂತ. ನಾನು ಸುಬ್ಬಿಯ ಕಥೆ, ಯಲ್ಲಾಪುರ, ಸುಭಾಷರ ಫೋನು ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ತಡೆಯಲಿಲ್ಲ, ಸುಳ್ಳು ಯಾಕೆ ಹೇಳಿದೆ ಎಂದೂ ಕೇಳಲಿಲ್ಲ. ಚೆಲ್ಲಿದ ಚಹಾವನ್ನು ನೋಡುತ್ತ ಹೇಳಿದ.

"ಮಾದೇವ ಹೇಳಿ ಒಬ್ಬ ಗುಂಡಿ ತೋಡಿದ. ಆನು ಕೂಸಿನ ಅವನ ಕೈಲಿ ಕೊಟ್ಟಿ. ಹಿಂದೆ ತಿರುಗಿ ನೋಡ್ಲಾಗ ಹೇಳಿದ. ನೋಡಿದ್ನಿಲ್ಲೆ."

"ಮಾದೇವ ಎಲ್ಲಿದ್ದ?"

"ಹೋದ ವರ್ಷ ಸತ್ತ."

"ಆದ್ರೂ ಎಲ್ಲಿ ನಿಂತಿದ್ದೆ ಹೇಳಿ ನೆನಪಿರ್ತಲ?"

"ಇದ್ದು" ಎಂದ. "ಬೆಳಗ್ಗೆ ಹೋಪನ. ತೋರಿಸ್ತೆ."

ಬೆಳಿಗ್ಗೆ ಸಮಿತಿಯವರು ಬರುವುದಕ್ಕೆ ಬಹಳ ಮೊದಲೇ ನಾವು ಅಲ್ಲಿದ್ದೆವು. ಆ ನೆಲದ ಮೇಲೆ ನಾನು ಕಾಲಿಟ್ಟದ್ದು ಅದೇ ಮೊದಲು. ಎಲ್ಲಿ ಹೆಜ್ಜೆಯಿಡಬೇಕೋ ತಿಳಿಯದೆ ಸುಮಂತನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಏರಿದೆ. ಅವನು ಕೌಳಿಹಣ್ಣಿನ ಮುಳ್ಳುಕಂಟಿಯ ಹತ್ತಿರ ನಿಂತ, ಸುತ್ತ ನೋಡಿದ, ಮತ್ತೆ ಮೇಲಕ್ಕೆ ಹೋದ. ಒಂದು ಮರವಿತ್ತು, ಕಡಿದಿದ್ದಾರೆ ಎಂದ. ಕೆಳಗಿಳಿದ. ನರಿ ಕೆದರದಿರಲಿ ಎಂದು ಮೇಲೆ ಕಲ್ಲು ಹೇರುತ್ತೇನೆ ಎಂದು ಮಾದೇವ ಹೇಳಿದ್ದ ಎಂದ. ಅಲ್ಲಿ ಎಲ್ಲೆಲ್ಲೂ ಕಲ್ಲುಗಳಿದ್ದವು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಒಮ್ಮೆ ತಿರುಗಿ ನನ್ನ ಮುಖ ನೋಡಿದ. ನೋಡಿದವನೇ ಎದುರಿಗಿದ್ದ ಒಂದು ಕಲ್ಲಿನ ಗುಪ್ಪೆಯ ಕಡೆ ಕೈ ತೋರಿಸಿದ.

"ಇದೇಯ."

"ಖಂಡಿತವಾ?"

"ಖಂಡಿತ. ಇದೇ."

ಮನುಷ್ಯರ ಮುಖ ನೋಡುವುದು ನನ್ನ ಚಟ. ಕೇಳುವುದಕ್ಕಿಂತ ನೋಡಿಯೇ ನಾನು ಹೆಚ್ಚು ತಿಳಿದುಕೊಳ್ಳುತ್ತೇನೆ. ಅವನು ಕಲ್ಲುಗಳನ್ನು ನೋಡಿ ಇದೇ ಎನ್ನಲಿಲ್ಲ, ನನ್ನನ್ನು ನೋಡಿ ಎಂದ. ಅವನಿಗೆ ಗೊತ್ತಿರಲಿಲ್ಲ. ನನ್ನನ್ನು ಇನ್ನೂ ಅಲೆಸಲು ಅವನಿಗೆ ಆಗಲಿಲ್ಲ.

ಆ ಗುಪ್ಪೆಯ ಪಕ್ಕ ಕೂತು ಒಂದು ಕಲ್ಲನ್ನು ಮುಟ್ಟಿದೆ. ಅವಳು ಇಲ್ಲೇ ಇರಲೂಬಹುದು. ಇಲ್ಲದಿರಲೂಬಹುದು. ಇಡೀ ದಿಬ್ಬ ನನ್ನದಾಗಿದ್ದಾಗ ಇಲ್ಲದ ಹೆದರಿಕೆ ಈಗ ಬಂತು. ಇಲ್ಲಿ ಎಂದರೆ, ಅವಳು ಬೇರೆ ಎಲ್ಲೇ ಇದ್ದರೂ ಅವಳನ್ನು ನಾನೇ ಅಗೆಯಲು ಕೊಟ್ಟಂತೆ. ಇಲ್ಲಿ ಎನ್ನದಿದ್ದರೆ ಇಷ್ಟೂ ಇಲ್ಲ.

ಸುಭಾಷ್ ಬಂದರು. ಜೊತೆಗೆ ಸಮಿತಿಯ ಕೆಲವರು, ಕ್ಯಾಮೆರಾ ಹಿಡಿದ ಒಬ್ಬ. ಹಿಂದೆಯೇ ಜೆಸಿಬಿ ಬಂದು ಗೇಟಿನ ಹತ್ತಿರ ನಿಂತಿತು, ಅದರ ಹಿಂದೆ ಒಂದು ಟಿಪ್ಪರ್.

ದಾಸನಕೊಪ್ಪದಿಂದ ಬಂದ ಮೊಮ್ಮಗನಿಗೇ ಎಪ್ಪತ್ತು ದಾಟಿತ್ತು. ವೆಂಕಟ್ರಮಣ ಎಂದು ಹೆಸರು, ಸುಬ್ಬಿಯ ಮಗಳ ಮಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್ಲು, ಕೈಚೀಲದಲ್ಲಿ ತೆಂಗಿನಕಾಯಿ, ಅಬ್ಬಲಿಗೆ ಹೂವು, ಎಲೆಯಲ್ಲಿ ಕಟ್ಟಿದ ಅನ್ನ. ನನ್ನನ್ನು ಕಂಡವನೇ ಕೈ ಮುಗಿದ.

"ನೀವೇನ್ರಿ ಅಕ್ಕಾರೆ ಹುಡುಕಿದಾರು? ನಮ್ಮವ್ವ ಸಾಯೂತನಕ ಅಂತಿದ್ಲ್ರಿ, ನಮ್ಮವ್ವನ ಮಣ್ಣಿಗೆ ಒಂದು ಹೂ ಇಡ್ಲಿಕ್ಕೆ ಆಗಲಿಲ್ಲ ಅಂತ. ಇದು ಆಕೀದು ಹೂವು, ನಾನು ಹೊತ್ಕೊಂಡು ಬಂದೀನಿ ಅಷ್ಟ."

"ಜಾಗ ತೋರಿಸಿ ಮೇಡಂ" ಎಂದರು ಸುಭಾಷ್. "ಬಿಸಿಲು ಏರ್ತಾ ಇದೆ, ಗಾಡಿ ಬಾಡಿಗೆಯೂ ಏರ್ತಾ ಇದೆ."

ನಾನು ಗುಪ್ಪೆಯ ಕಡೆ ಕೈ ಮಾಡಿದೆ. ಎಲ್ಲರೂ ಅತ್ತ ತಿರುಗಿದರು. ಸುಮಂತ ಮಾತ್ರ ನೆಲ ನೋಡುತ್ತಿದ್ದ. ವೆಂಕಟ್ರಮಣ ಚಪ್ಪಲಿ ಕಳಚಿ, ಮೊಣಕಾಲೂರಿ ಕೂತು, ಚೀಲದಿಂದ ಹೂವು ತೆಗೆದ. ಆಮೇಲೆ ತಲೆಯೆತ್ತಿ ಕೇಳಿದ.

"ಅಕ್ಕಾರೆ, ನಮ್ಮಜ್ಜಿ ತಲಿ ಯಾವ ಕಡಿಗೈತ್ರಿ? ಹೂವು ತಲಿ ಕಡೆ ಇಡಬೇಕಲ್ರಿ, ಕಾಲಿಗೆ ಇಟ್ಟಂಗ ಆಗಬಾರ್ದು."

ದಕ್ಷಿಣಕ್ಕೆ ಎಂದರೆ ಮುಗಿಯುತ್ತಿತ್ತು. ಹೂಳುವವರು ತಲೆಯನ್ನು ದಕ್ಷಿಣಕ್ಕೇ ಇಡುವುದು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಕಾಯುತ್ತಿದ್ದ, ಹೂವು ಹಿಡಿದ ಕೈ ಗಾಳಿಯಲ್ಲಿತ್ತು. ಅವನ ಅಜ್ಜಿ ಅಕೇಶಿಯಾ ಎಲೆಗಳ ಕೆಳಗೆ, ದನಗಳು ಮಲಗುವ ನೆಲದಲ್ಲಿದ್ದಳು. ನಾನು ಈಗ ದಿಕ್ಕು ಹೇಳಿದರೆ ಅಲ್ಲಿಗೆ ಇನ್ನು ಯಾರೂ ಎಂದೂ ಹೋಗುವುದಿಲ್ಲ. ನನ್ನ ಮಗಳಿಗೆ ಇತರರು ಮಾಡಿದ್ದನ್ನೇ ನಾನು ಸುಬ್ಬಿಗೆ ಮಾಡುತ್ತಿದ್ದೆ.

"ಅವರು ಇಲ್ಲಿಲ್ಲ" ಎಂದೆ.

"ಏನಂದ್ರಿ?"

"ನಿಮ್ಮ ಅಜ್ಜಿ ಇಲ್ಲಿಲ್ಲ. ಯಲ್ಲಾಪುರದಲ್ಲಿದ್ದಾರೆ, ಕೆರೆಯಾಚೆ. ಸಿಡುಬು ಬಂದು ಸತ್ತರು. ದಾಖಲೆ ಇದೆ." ಹಾಳೆಯನ್ನು ತೆಗೆದು ಕೊಟ್ಟೆ. ಅವನಿಗೆ ಓದಲು ಕನ್ನಡಕ ಬೇಕಿತ್ತು. ನಾನೇ ಎರಡೂ ಸಾಲನ್ನು ಓದಿದೆ.

ಸುಭಾಷ್ ಹಣೆಗೆ ಕೈ ಹಚ್ಚಿಕೊಂಡರು. "ಎಂತ ಮೇಡಂ ಇದು? ಪೇಪರಿನೋರನ್ನ ಕರೆಸಿ ನನ್ನ ಮಾನ ತೆಗೆಯೋಕೆ ಬೇರೆ ಜಾಗ ಸಿಗಲಿಲ್ವಾ ನಿಮಗೆ? ಫೋನಲ್ಲಿ ಹೌದು ಅಂದಿದ್ರಲ್ಲ?"

"ಅಂದಿದ್ದೆ."

"ಎಂತಕ್ಕೆ?"

"ನನ್ನ ಮಗಳು ಇಲ್ಲಿದ್ದಾಳೆ."

ನಾಲ್ಕು ಜನರ ಎದುರು ಆ ಮಾತನ್ನು ಆಡಿದ್ದು ಅದೇ ಮೊದಲು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಸುಭಾಷರ ದನಿ ತಗ್ಗಿತು.

"ಎಲ್ಲಿ ಅಂತ ಹೇಳಿ. ಆ ಒಂದು ಕಡೆ ಗಾಡಿ ಬಿಡೂದಿಲ್ಲ. ನನ್ನ ಕೈಲಾಗೂದು ಅಷ್ಟೇ."

ನಾನು ಸುಮಂತನ ಕಡೆ ನೋಡಿದೆ. ಅವನು ಇದೇ ಎನ್ನಬಹುದಿತ್ತು. ಎನ್ನಲಿಲ್ಲ.

"ಯಂಗೆ ಗೊತ್ತಿಲ್ಲೆ ನಮಿತಾ" ಎಂದ. "ಖರೇ ಗೊತ್ತಿಲ್ಲೆ."

ವೆಂಕಟ್ರಮಣ ಹಾಳೆಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ಯಲ್ಲಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಸಮಿತಿಯ ಒಬ್ಬರನ್ನು ಕೇಳಿದ. ಹೊರಡುತ್ತಾನೆ ಎಂದುಕೊಂಡೆ. ಅವನು ಚೀಲ ನೋಡುತ್ತ ನಿಂತ.

"ಮಸಣಕ್ಕೆ ತಂದದ್ದನ್ನ ತಿರುಗಿ ಒಯ್ಯಂಗಿಲ್ರಿ. ಆಕಿಗೆ ಬ್ಯಾರೆ ತರ್ತೀನಿ. ಇದು ಇಲ್ಲಿದ್ದಾರಿಗೇ ಆಗ್ಲಿ. ಸಣ್ಣಾಕಿ ಏನ್ರಿ ನಿಮ್ಮ ಮಗಳು?"

"ಹನ್ನೊಂದನೇ ದಿನ ಮುಟ್ಟಲಿಲ್ಲ."

ಅವನು ಕಾಯಿ ಒಡೆದ. ನೀರನ್ನು ಒಂದೇ ಕಡೆ ಸುರಿಯಲಿಲ್ಲ. ಹೋಳನ್ನು ಹಿಡಿದುಕೊಂಡು ಕಂಟಿಗಳ ನಡುವೆ ನಡೆಯುತ್ತ, ಬಿತ್ತುವವನಂತೆ ಹನಿಹನಿಯಾಗಿ ಎರಚಿದ. ಹೂವನ್ನೂ ಹಾಗೆಯೇ ಬಿಡಿಸಿ ಚೆಲ್ಲಿದ. ದಿಬ್ಬ ದೊಡ್ಡದು, ಹೂವು ಸಾಲಲಿಲ್ಲ. ಕೈ ಜಾಡಿಸಿ, ನನಗೆ ಇನ್ನೊಮ್ಮೆ ಕೈ ಮುಗಿದು, ತಿರುಗಿ ನೋಡದೆ ಗೇಟು ದಾಟಿದ.

ಜೆಸಿಬಿ ಕೆಳಗಿನ ಅಂಚಿನಿಂದ ಶುರು ಮಾಡಿತು. ನಾನು ಅದರ ಪಕ್ಕ ನಿಂತೆ. ದೂರ ನಿಲ್ಲಿ ಎಂದು ಡ್ರೈವರ್ ಕೂಗಿದ. ಸುಮಂತ ನನ್ನ ತೋಳು ಹಿಡಿದು ಒಂದಿಷ್ಟು ಹಿಂದಕ್ಕೆ ಎಳೆದ. ಬಕೆಟ್ ಏರಿದಾಗಲೆಲ್ಲ ನಾನು ಮಣ್ಣು ನೋಡುತ್ತಿದ್ದೆ. ಬೇರು, ಕಲ್ಲು, ಕೆಂಪು ಹೆಂಟೆ. ಒಂದು ಕಡೆ ಬಟ್ಟೆಯ ಚೂರು ಕಂಡಂತಾಯಿತು, ಅದು ಪ್ಲಾಸ್ಟಿಕ್ಕು. ನಾನು ಪಕ್ಕದಲ್ಲಿ ಕೂತಿದ್ದ ಕಲ್ಲಿನ ಗುಪ್ಪೆಯೂ ಹೋಯಿತು. ಅದರಡಿಯಲ್ಲಿ ಏನಾದರೂ ಕಾಣುವ ಮೊದಲೇ ಟಿಪ್ಪರಿನೊಳಗೆ ಬಿದ್ದಿತ್ತು.

ಟಿಪ್ಪರ್ ತುಂಬಿತು. ಡ್ರೈವರ್ ಟಾರ್ಪಾಲು ಎಳೆಯುತ್ತಿದ್ದ.

"ಈ ಮಣ್ಣು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದೆ.

"ಇಸಳೂರಿಗೆ ಅಕ್ಕಾ. ಹೊಸ ಮನೆ ಸೈಟು, ತಗ್ಗು ತುಂಬಿಸ್ಲಿಕ್ಕೆ."

ನಾನು ಬೈಕಿನ ಕಡೆ ನಡೆದೆ. ಸುಮಂತ ಬಂದು ಕೀಲಿ ತಿರುಗಿಸಿದ. ಟಿಪ್ಪರ್ ರಸ್ತೆಗೆ ಇಳಿಯಿತು, ನಾವು ಅದರ ಹಿಂದೆ. ಟಾರ್ಪಾಲಿನ ಅಂಚಿನಿಂದ ಮಣ್ಣು ಸ್ವಲ್ಪ ಸ್ವಲ್ಪವೇ ಉದುರಿ ನಮ್ಮ ಮೈಮೇಲೆ ಬೀಳುತ್ತಿತ್ತು. ಏರಿನಲ್ಲಿ ಟಿಪ್ಪರ್ ನಿಧಾನವಾದಾಗ ಸುಮಂತ ಅಭ್ಯಾಸಬಲದಿಂದ ಅದನ್ನು ಹಿಂದಿಕ್ಕಲು ಬೈಕನ್ನು ಬಲಕ್ಕೆ ತಿರುಗಿಸಿದ. ನಾನು ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮುಂದೆ ಹೋಗಡ" ಎಂದೆ. "ಹಿಂದೇ ಇರು."